ಚಾಂದಬೀ ಖಾಲಾಳ ಮನೆಯ ಅಮಾನತ್ತು

ಕಳೆದ ವಾರ, ನಾವೀಗ ಇರುವ ಕಲಬುರಗಿಯ ಸೇಡಂ ರಸ್ತೆಯ ಓಣಿಗೆ ಗುಜರಿಯವನು ಬಂದಿದ್ದ. ಎದುರು ಮನೆಯವರು ಹಳೇ ಫ್ರಿಜ್ಜೊಂದನ್ನು ಹೊರಗೆ ತೆಗೆದಿಟ್ಟಿದ್ದರು. ಅವನು ಅದರ ಬಾಗಿಲು ತೆಗೆದಾಗ ನಾನು ನಮ್ಮ ಗೇಟಿನಲ್ಲಿ ನಿಂತಿದ್ದೆ. ಕರೆಂಟು ಕಾಣದೆ ಬಹಳ ದಿನ ಮುಚ್ಚಿಟ್ಟ ಫ್ರಿಜ್ಜಿನೊಳಗೆ ಒಂದು ವಾಸನೆ ಕೂತಿರುತ್ತದೆ. ಹಳೇ ರಬ್ಬರಿನದು, ಅದರ ಜೊತೆಗೆ ಒಳಗಿಟ್ಟಿದ್ದ ಯಾವುದೋ ಒಣ ತಿನಿಸಿನದು. ಅದು ಮೂಗಿಗೆ ಬಡಿದದ್ದೇ ತಡ, ಕಮಲಾಪುರದ ನಮ್ಮ ಮನೆ ಕಣ್ಣ ಮುಂದೆ ಬಂತು. "ಯಾಕ್ರೀ, ನಿಮಗೇನರ ಬೇಕಾಗಿತ್ತೇನು ಇದು?" ಎಂದು ಎದುರು ಮನೆಯಾಕೆ ನಗುತ್ತ ಕೇಳಿದರು. ಬ್ಯಾಡ್ರಿ ಅಂದೆ. ಆ ನಗುವಿನಲ್ಲಿ ಏನಾದರೂ ಕುಹಕ ಇತ್ತೇ ಎಂದು ಸಂಜೆಯವರೆಗೂ ತಲೆ ಕೆಡಿಸಿಕೊಂಡೆ. ನನ್ನ ಸ್ವಭಾವವೇ ಹಾಗೆ. ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲು ಅವರ ಮುಖ ನೋಡುತ್ತೇನೆ, ಆಮೇಲೆ ಕೈಯಲ್ಲಿರುವುದನ್ನು ನೋಡುತ್ತೇನೆ. ಈ ಚಾಳಿ ಪೂರ್ತಿ ಅಂಟಿಕೊಂಡದ್ದು ನಾನು ಬಿ.ಎ. ಮುಗಿಸಿದ ವರ್ಷದ ಬೇಸಿಗೆಯಲ್ಲಿ.

ಆ ವರ್ಷ ನನಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಬಜಾರಿನ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಕಮಲಾಪುರದಲ್ಲಿ ಬಸ್ಸು ಹತ್ತಿದರೆ ಕೂರಲು ಸೀಟು ಸಿಗುವುದು ಅಪರೂಪ. ಮಹಾಗಾಂವದಲ್ಲಿ ಇನ್ನಷ್ಟು ಮಂದಿ ತುಂಬಿಕೊಂಡ ಮೇಲೆ ಕಾಲಿಡಲೂ ಜಾಗ ಇರುತ್ತಿರಲಿಲ್ಲ. ಬೆವರಿನಲ್ಲಿ ನೆಂದು ಅಂಗಡಿಯೊಳಗೆ ಹೋದರೆ ಏಸಿಯ ತಂಪಿಗೆ ಮೈ ಜುಮ್ಮೆನ್ನುತ್ತಿತ್ತು. ಇಡೀ ದಿನ ಸೀರೆ ಬಿಚ್ಚುವುದು, ಹೆಗಲ ಮೇಲೆ ಹಾಕಿಕೊಂಡು ತೋರಿಸುವುದು, ಮತ್ತೆ ಮಡಚುವುದು. ಸಂಜೆ ಅಂಗಡಿ ಬಿಡುವಾಗ ಹುಡುಗಿಯರೆಲ್ಲ ಸಾಲಾಗಿ ನಿಂತು ಬ್ಯಾಗು ಬಿಚ್ಚಿ ತೋರಿಸಬೇಕು. ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಯಬೇಕು. ಒಮ್ಮೆ ಕಾರಿನಲ್ಲಿ ಬಂದಿದ್ದ ಒಬ್ಬಾಕೆ ರೇಷ್ಮೆಯ ಕುಪ್ಪಸದ ಬಟ್ಟೆಯೊಂದನ್ನು ಸುರುಳಿ ಸುತ್ತಿ ತನ್ನ ಪರ್ಸಿಗೆ ಇಳಿಸಿದ್ದನ್ನು ಕಣ್ಣಾರೆ ಕಂಡು ಅಂಗಡಿಯ ಮಾಲೀಕ ಸೇಠರಿಗೆ ಹೇಳಿದೆ. "ದೊಡ್ಡ ಮಂದಿ ಅವ್ವ, ಮರತು ಇಟ್ಕೊಂಡಿರಬೇಕು. ನೀ ಸುಮ್ನಿರು" ಅಂದರು. ಆ ಸಂಜೆಯೂ ನನ್ನ ಡಬ್ಬಿಯ ಮುಚ್ಚಳ ತೆಗೆಸಿದರು. ದೊಡ್ಡವರು ಮರೆಯುತ್ತಾರೆ, ನಾವು ಕದಿಯುತ್ತೇವೆ. ಈ ಲೆಕ್ಕ ನನಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಅಪ್ಪ ಹೈದರಾಬಾದಿನಲ್ಲಿ ಗೌಂಡಿ ಕೆಲಸಕ್ಕೆ ಹೋಗಿದ್ದ. ಅವ್ವ ಊರ ಹೊರಗಿನ ಕೆಂಪು ಬಾಳೆಯ ತೋಟದಲ್ಲಿ ಕೂಲಿ ಮಾಡುತ್ತಿದ್ದಳು. ಅದಕ್ಕೂ ಮುಂಚೆ ಕೆಲವು ವರ್ಷ ಸೇಡಂ ರಸ್ತೆಯ ಒಂದು ಮನೆಯಲ್ಲಿ ಮುಸುರೆ ತಿಕ್ಕಿದ್ದಳು. ಆ ಮನೆಯವರು ಹೊಸ ಫ್ರಿಜ್ಜು ತಂದಾಗ ಹಳೆಯದನ್ನು ಅವ್ವನಿಗೆ ಕೊಟ್ಟರು. ಕಮಲಾಪುರಕ್ಕೆ ಬಂದ ಮೇಲೆ ಅದು ಒಂದು ಬೇಸಿಗೆ ಓಡಿ, ಒಂದು ದಿನ ಗೊರಗೊರ ಅಂದು ನಿಂತುಹೋಯಿತು. ರಿಪೇರಿಗೆ ಕೊಡುವಷ್ಟು ನಮ್ಮಲ್ಲಿರಲಿಲ್ಲ, ಬಿಸಾಡುವಷ್ಟು ಮನಸ್ಸೂ ಇರಲಿಲ್ಲ. ಅವ್ವ ಅದರಲ್ಲಿ ಕಡಕ್ ರೊಟ್ಟಿ ಇಡತೊಡಗಿದಳು. ಸಜ್ಜೆಯದು, ಜೋಳದ್ದು, ಎಳ್ಳು ಹಚ್ಚಿದ್ದು. ಒಣಗಿದ ರೊಟ್ಟಿ ತಿಂಗಳಾನುಗಟ್ಟಲೆ ಕೆಡುವುದಿಲ್ಲ, ಆದರೆ ಇಲಿಗಳ ಕಾಟ. ಫ್ರಿಜ್ಜಿನ ಬಾಗಿಲು ಇಲಿಗೆ ತೆಗೆಯಲು ಬರುವುದಿಲ್ಲವಲ್ಲ. ಮೇಲಿನ ಅರೆಯಲ್ಲಿ ಅವ್ವನ ಎರಡು ಒಳ್ಳೆಯ ಸೀರೆ, ಕೆಳಗೆ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದ ರೊಟ್ಟಿ. ನಮ್ಮ ಮನೆಯ ಫ್ರಿಜ್ಜು ಅಂದರೆ ಅದು.

ಆ ದಿನಗಳಲ್ಲಿ ಟೀವಿ ಹಚ್ಚಿದರೆ ಸಾಕು, ನಮ್ಮ ದೇಶ ಶ್ರೀಮಂತ ದೇಶಗಳ ಸಾಲಿನಲ್ಲಿ ಮೇಲೇರುತ್ತಿದೆ ಎಂದು ಹೇಳುತ್ತಿದ್ದರು. ದೇಶ ಇಷ್ಟು ಶ್ರೀಮಂತವಾದ ಮೇಲೆ ಬಡವರು ಇಷ್ಟೊಂದು ಮಂದಿ ಉಳಿದದ್ದು ಹೇಗೆ ಎಂಬ ಅನುಮಾನ ಯಾರಿಗೋ ಬಂದಿರಬೇಕು. ರೇಶನ್ ಕಾರ್ಡಿನ ಪರಿಶೀಲನೆಗೆ ಮನೆಮನೆಗೆ ಬರುತ್ತಾರೆ ಎಂಬ ಸುದ್ದಿ ಓಣಿಯಲ್ಲಿ ಹಬ್ಬಿತು. ಮನೆಯಲ್ಲಿ ಏನೇನಿದ್ದರೆ ಕಾರ್ಡು ಹೋಗುತ್ತದೆ ಎಂದು ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬರು ಬೈಕು ಅಂದರು, ಒಬ್ಬರು ಫ್ರಿಜ್ಜು ಅಂದರು, ಟೀವಿಯ ಅಳತೆ ನೋಡುತ್ತಾರಂತೆ ಎಂದು ಇನ್ನೊಬ್ಬರು. ಗೊತ್ತಿಲ್ಲದ ನಿಯಮಕ್ಕೆ ಹೆದರುವಷ್ಟು ಜನ ಗೊತ್ತಿರುವ ನಿಯಮಕ್ಕೆ ಹೆದರುವುದಿಲ್ಲ. ಆ ಕಾರ್ಡಿನಿಂದ ಅಕ್ಕಿ ಬರುತ್ತಿತ್ತು. ದವಾಖಾನೆಗೆ ಹೋದರೆ ಮೊದಲು ಕೇಳುತ್ತಿದ್ದುದೂ ಅದನ್ನೇ. ಅದು ಹೋದರೆ ನಮ್ಮಂಥವರ ಮನೆ ಎರಡೇ ತಿಂಗಳಿಗೆ ಅಲುಗಾಡುತ್ತದೆ.

ಓಣಿಯ ಕೊನೆಯಲ್ಲಿ ಚಾಂದಬೀ ಖಾಲಾಳ ಮನೆ. ಖಾಲಾ ಅಂದರೆ ಚಿಕ್ಕಮ್ಮ, ಓಣಿಯ ಹುಡುಗರಿಗೆಲ್ಲ ಅವಳು ಖಾಲಾ, ಅವ್ವನಿಗೆ ಮಾತ್ರ ಆಪಾ, ಅಂದರೆ ಅಕ್ಕ. ಒಂದೇ ಕೋಣೆ, ತಗಡಿನ ಚಾವಣಿ. ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಳೇ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದುಕೊಡುತ್ತಿದ್ದಳು. ಕಣ್ಣು ಮಂಜಾದ ಮೇಲೆ ಆ ಕೆಲಸವೂ ಕಡಿಮೆಯಾಗಿತ್ತು. ಆದರೆ ನಮ್ಮ ಓಣಿಯಲ್ಲಿ ಯಾರು ಊರಿಗೆ ಹೋಗಲಿ, ಮನೆಯ ಕೀಲಿಕೈ ಖಾಲಾಳ ಕೈಗೆ. ಮಗಳ ಮದುವೆಗೆಂದು ಕೊಂಡ ಪಾತ್ರೆ, ಕುಡುಕ ಗಂಡನಿಂದ ಮುಚ್ಚಿಡಬೇಕಾದ ಕಿವಿಯೋಲೆ, ಎಲ್ಲ ಅವಳ ಮನೆಯ ಪೆಟ್ಟಿಗೆಗೆ. ಹಾಗೆ ನಂಬಿ ಇಟ್ಟು ಹೋದ ವಸ್ತುವಿಗೆ ಅವಳು ಅಮಾನತ್ ಅನ್ನುತ್ತಿದ್ದಳು. ಅಮಾನತ್ತನ್ನು ಮುಟ್ಟಬಾರದು, ಅದು ಯಾರದೆಂದು ಮೂರನೆಯವರಿಗೆ ಹೇಳಬಾರದು. ಹೇಳಿದರೆ ಮೇಲೆ ಹೋದ ಮೇಲೆ ಜವಾಬು ಕೊಡಬೇಕಾಗುತ್ತದೆ ಎಂಬುದು ಅವಳ ಗಟ್ಟಿ ನಂಬಿಕೆ. ಇದು ಎಲ್ಲರಿಗೂ ಗೊತ್ತಿತ್ತು, ಗೊತ್ತಿದ್ದಕ್ಕೇ ಎಲ್ಲರೂ ಅಲ್ಲಿಗೇ ಹೋದರು.

ಕಡುಬಡವಿಯ ಮನೆಯನ್ನು ಯಾರು ಪರಿಶೀಲಿಸುತ್ತಾರೆ ಎಂಬುದು ಓಣಿಯ ವಿಚಾರ. ಆ ಬಿಸಿಲಿನಲ್ಲಿ ಮಟಮಟ ಮಧ್ಯಾಹ್ನ ನಾಯಿಯೂ ಹೊರಗೆ ಇರುವುದಿಲ್ಲ. ಅಂಥ ಹೊತ್ತು ನೋಡಿ ಮೊದಲು ಪಕ್ಕದ ಮನೆಯ ಕಸ್ತೂರಿಬಾಯಿ ಮಗಳಿಗೆ ಕೊಡಲು ತಂದಿಟ್ಟಿದ್ದ ವಾಷಿಂಗ್ ಮಷೀನನ್ನು ಡಬ್ಬದ ಸಮೇತ ಸಾಗಿಸಿದಳು. ಆಮೇಲೆ, ಕೆಟ್ಟದ್ದೆಂದರೆ ಯಾರು ನಂಬುತ್ತಾರೆ ಎಂದು ನಮ್ಮ ಫ್ರಿಜ್ಜೂ ಹೋಯಿತು, ರೊಟ್ಟಿ, ಸೀರೆಗಳ ಸಮೇತ. ಬಾಡಿಗೆ ಟೆಂಪೋ ಓಡಿಸುವ ಎದುರು ಮನೆಯ ಶರಣಪ್ಪ ತನ್ನ ಕೂಲರ್ ಹೊತ್ತು ತಂದ. ಕೂಸಿನ ಮೈಗೆ ಬೆವರುಸಾಲೆ ಎದ್ದು ಅದು ರಾತ್ರಿಯೆಲ್ಲ ಚೀರುತ್ತದೆಂದು ಹೋದ ವರ್ಷ ಕೊಂಡಿದ್ದ ಕೂಲರ್ ಅದು. ಅದು ಖಾಲಾಳ ಮನೆಯ ಬಾಗಿಲಲ್ಲಿ ಒಳಗೆ ಹೋಗಲಿಲ್ಲ. ಅಡ್ಡ ಹಿಡಿದರು, ಓರೆ ಹಿಡಿದರು, ಊಹೂಂ. ಕೊನೆಗೆ ಹೊರಗೆ ಗೋಡೆಗೆ ಒತ್ತಿ ನಿಲ್ಲಿಸಿ, ಮೇಲೆ ಖಾಲಾಳ ಒಂದು ಕೌದಿ ಹೊದಿಸಿದರು. ಕೆಂಪು, ಹಳದಿ, ಹಸಿರಿನ ಕೌದಿ. ಬಸ್ ಸ್ಟ್ಯಾಂಡಿನ ಕಡೆಯಿಂದ ಬರುವ ಯಾರ ಕಣ್ಣಿಗಾದರೂ ಮೊದಲು ಬೀಳುತ್ತಿದ್ದುದು ಅದೇ.

ಪರಿಶೀಲನೆಯವರು ಬಂದ ದಿನ ನನಗೆ ರಜೆ. ಇಬ್ಬರು ಬಂದಿದ್ದರು, ಒಬ್ಬ ಹಿರಿಯ, ಇನ್ನೊಬ್ಬ ಫೋನು ಹಿಡಿದವನು. ಓಣಿಗೆ ತಿರುಗಿದವರು ನೇರವಾಗಿ ಆ ಬಣ್ಣದ ಗುಡ್ಡೆಯತ್ತ ನಡೆದರು. ಕೌದಿ ಎತ್ತಿ ಕೂಲರ್ ನೋಡಿದರು, ಒಳಗೆ ಇಣುಕಿ ಉಳಿದದ್ದನ್ನೂ ನೋಡಿದರು.

"ಏನಮ್ಮ, ಅಂಗಡಿ ಇಟ್ಟೀಯೇನು?" ಎಂದ ಹಿರಿಯ.

"ಅಮಾನತ್ ಅದ ಸಾಬ್. ನಂದಲ್ಲ."

"ಮತ್ತ್ಯಾರದು?"

"ಇಟ್ಟವರ ಹೆಸರು ಹೇಳಂಗಿಲ್ಲ ಸಾಬ್."

"ಎಲ್ಲಾರೂ ಹಿಂಗೇ ಹೇಳ್ತಾರ. ನಂದಲ್ಲ, ಅವರದು, ಇವರದು. ನಿಂದಲ್ಲಂದ್ರ ಹೆಸರು ಹೇಳು, ಬರಕೊಳ್ತೀನಿ."

ಖಾಲಾ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಫೋನಿನವನು ಅವಳನ್ನು ಕೂಲರ್ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದ. ಆ ಹೊತ್ತಿಗೆ ಶರಣಪ್ಪನ ಮನೆಯ ಬಾಗಿಲು ಮುಚ್ಚಿತ್ತು, ಕಸ್ತೂರಿಬಾಯಿಯ ಬಾಗಿಲು ಮುಚ್ಚಿತ್ತು. ನಮ್ಮ ಬಾಗಿಲು ಅರ್ಧ ತೆರೆದಿತ್ತು. ಅದರ ಹಿಂದೆ ಅವ್ವ ನನ್ನ ರಟ್ಟೆ ಹಿಡಿದು ನಿಂತಿದ್ದಳು.

ಮುಂದಿನ ತಿಂಗಳು ರೇಶನ್ ಅಂಗಡಿಯಲ್ಲಿ ಖಾಲಾ ಯಂತ್ರದ ಮೇಲೆ ಬೆರಳೊತ್ತಿದರೆ ಹೆಸರು ಬರಲಿಲ್ಲ. ಕೌದಿ ಹೊಲಿದು ಬೆರಳು ಸವೆದಿರಬೇಕೆಂದು ಎಲ್ಲ ಬೆರಳುಗಳನ್ನೂ ಒತ್ತಿಸಿದರಂತೆ. ಆಮೇಲೆ ಅಂಗಡಿಯವನು, "ನಿನ್ನ ಕಾರ್ಡು ಬಂದ್ ಆಗ್ಯಾದ ಬಡೀಮಾ" ಅಂದನಂತೆ. ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಅವಳು ಮನೆಗೆ ಬಂದದ್ದನ್ನು ಓಣಿಯೆಲ್ಲ ನೋಡಿತು.

ನೋಡಿದ ಮೇಲೆ ಓಣಿ ಮಾಡಿದ್ದೇನು? ಚಾಡಿ ಹೇಳಿದವರು ಯಾರು ಎಂದು ಹುಡುಕಲು ಕೂತಿತು. ಶರಣಪ್ಪನಿಗೆ ಕಸ್ತೂರಿಬಾಯಿಯ ಮೇಲೆ ಅನುಮಾನ, ಆಕೆಯ ತಮ್ಮ ಯಾವುದೋ ಆಫೀಸಿನಲ್ಲಿ ಚಹಾ ಕೊಡುತ್ತಾನೆ ಎಂಬ ಕಾರಣಕ್ಕೆ. ಕಸ್ತೂರಿಬಾಯಿಗೆ ನನ್ನ ಮೇಲೆ, ದಿನಾ ಸಿಟಿಗೆ ಹೋಗಿ ಬರುತ್ತೇನಲ್ಲ. ನನಗೆ ಇಬ್ಬರ ಮೇಲೂ. ಕೂಲರ್ ಮೇಲೆ ಕಣ್ಣು ಕುಕ್ಕುವ ಕೌದಿ ಹೊದಿಸಿದವರು ನಾವೇ, ಅದನ್ನು ಕಾಣಲು ಯಾರ ಚಾಡಿಯೂ ಬೇಕಿರಲಿಲ್ಲ ಎಂಬುದು ಒಬ್ಬರ ತಲೆಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಒಪ್ಪಿಕೊಳ್ಳುತ್ತಿರಲಿಲ್ಲ ಬಿಡಿ.

ಆ ಬಿಸಿಲಿನಲ್ಲಿ ಶರಣಪ್ಪನ ಕೂಸಿಗೆ ಮತ್ತೆ ಬೆವರುಸಾಲೆ ಎದ್ದಿತು. ಒಂದು ಮಧ್ಯಾಹ್ನ ಅವನು ಕೂಲರ್ ಒಯ್ಯಲು ಹೋದ. ಖಾಲಾ ಅಡ್ಡ ನಿಂತಳು.

"ಅಮಾನತ್ ನಿಂದೇ ಅದ, ಒಯ್ಯಿ. ಆದರ ಈ ಹೊತ್ತಿನ್ಯಾಗ ಬ್ಯಾಡ. ಮುಂಜಾನಿ, ನಾಕ ಮಂದಿ ಓಡಾಡೂ ಹೊತ್ತಿನ್ಯಾಗ ಬಂದು ಒಯ್ಯಿ. ನಂದಲ್ಲಂತ ಮಂದಿನೇ ನೋಡ್ಲಿ. ಕಸ್ತೂರಿಗೂ ಹೇಳು, ರತ್ನಾಗೂ ಹೇಳು."

ರತ್ನಾ ಅಂದರೆ ನನ್ನವ್ವ. ಶರಣಪ್ಪ ತಿರುಗಿ ಬಂದು ಓಣಿಯಲ್ಲಿ ಕೂಗಾಡಿದ. "ಮುದುಕಿ ಮನಸ್ನ್ಯಾಗ ಬ್ಯಾರೇನೋ ಅದ. ಮೂರೂ ಸಾಮಾನು ಹಚ್ಚಿಕೊಂಡು ಕುಂತಾಳ!" ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತು. ಸರಕಾರವೇ ಅವು ಅವಳವು ಎಂದ ಮೇಲೆ ಅವಳೇಕೆ ಬಿಟ್ಟಾಳು ಎಂದು ಅವ್ವನಿಗೆ ಅಂದೆ. ಅವ್ವ ನನ್ನತ್ತ ತಿರುಗಿಯೂ ನೋಡಲಿಲ್ಲ.

ಅಷ್ಟರಲ್ಲಿ ಖಾಲಾ ಸೊರಗತೊಡಗಿದ್ದಳು. ಏನಾದರೂ ತಿನ್ನಲು ಕೊಟ್ಟರೆ, "ಬ್ಯಾಡ ಬೇಟಾ, ರೋಜಾ ಇದೀನಿ" ಅನ್ನುವಳು. ರಮ್ಜಾನ್ ಮುಗಿದು ಬಹಳ ದಿನವಾಗಿತ್ತು. ಅವ್ವ ಬುಟ್ಟಿಯಲ್ಲಿ ಮುಚ್ಚಿ ಒಯ್ದ ಅನ್ನವನ್ನು ಖಾಲಾ ಒಂದೆರಡು ಸಲ ಇಸಿದುಕೊಂಡಳು, ಆಮೇಲೆ ನಿಮ್ಮ ಮನೆಯಲ್ಲೇನು ಕಣಜ ಇದೆಯೇ ಎಂದು ಬೈದು ಕಳಿಸಿದಳು.

ಒಂದು ದಿನ ನೆಂಟರ ಮದುವೆಗೆ ಹೋಗಬೇಕೆಂದು ಅವ್ವ ಸೀರೆ ತರಲು ಖಾಲಾಳ ಮನೆಗೆ ಹೊರಟಳು, ಜೊತೆಗೆ ನಾನು. ಖಾಲಾ ಗೋಡೆಗೆ ಒರಗಿ ಕೂತಿದ್ದಳು, ಏಳಲಿಲ್ಲ. ಅವ್ವ ಫ್ರಿಜ್ಜಿನ ಬಾಗಿಲು ತೆಗೆದಳು. ಮೇಲೆ ಸೀರೆ, ಕೆಳಗೆ ರೊಟ್ಟಿಯ ಗಂಟು. ಅವ್ವ ಕಟ್ಟಿದ ಗಂಟು ಹೇಗಿತ್ತೋ ಹಾಗೇ ಇತ್ತು. ಅವಳದು ಒಂದು ಬೇರೆ ಥರದ ಗಂಟು, ನನಗೂ ಹಾಕಲು ಬರುವುದಿಲ್ಲ. ಒಲೆಯ ಮೇಲೆ ಪಾತ್ರೆ ಇರಲಿಲ್ಲ, ಒಲೆಯಲ್ಲಿ ಬೂದಿಯೂ ಹೊಸದಿರಲಿಲ್ಲ. ಹಸಿದವಳ ಕೈಯಳತೆಯಲ್ಲಿ ಒಂದು ರಾಶಿ ರೊಟ್ಟಿ ಇಷ್ಟು ದಿನ ಬಿದ್ದಿತ್ತು, ಅವಳು ಒಂದನ್ನೂ ಮುರಿದಿರಲಿಲ್ಲ.

ಅವ್ವ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತಳು. "ಒಂದು ರೊಟ್ಟಿ ತಿಂದಿದ್ರ ಏನಾಗ್ತಿತ್ತು ಆಪಾ?"

"ಕೇಳದ ಹೆಂಗ ತಿನ್ಲಿ? ಅಮಾನತ್ ಅಲ್ಲೇನು?" ಎಂದಳು ಖಾಲಾ, ಅವ್ವನೇ ಏನೋ ಬುದ್ಧಿಯಿಲ್ಲದ ಮಾತಾಡಿದಳು ಎಂಬಂತೆ.

ಅವ್ವ ಮದುವೆಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ, ಬಸ್ಸಿಗೆ ಹೋಗುವವರು, ನೀರು ತರುವವರು ಎಲ್ಲ ರಸ್ತೆಯಲ್ಲಿದ್ದ ಹೊತ್ತಿಗೆ, ಬಾಳೆಗೊನೆ ಒಯ್ಯುವ ಕೈಗಾಡಿ ತಂದಳು. ನಾವಿಬ್ಬರೂ ಸೇರಿ ಫ್ರಿಜ್ಜನ್ನು ಅದರ ಮೇಲೆ ಮಲಗಿಸಿದೆವು. ಮನೆಗಲ್ಲ, ನೇರ ರೇಶನ್ ಕಾರ್ಡಿನ ಆಫೀಸಿಗೆ ನಡಿ ಅಂದಳು. ಮುಂದೆ ಅವ್ವ ಎಳೆಯುವುದು, ಹಿಂದೆ ನಾನು ತಳ್ಳುವುದು, ಪಕ್ಕದಲ್ಲಿ ಖಾಲಾ ಫ್ರಿಜ್ಜಿಗೆ ಕೈ ಆನಿಸಿಕೊಂಡು ನಡೆಯುವುದು. ಕಮಲಾಪುರ ಬಾಯಿ ತೆರೆದು ನೋಡಿತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು, ಆದರೆ ಅವ್ವನ ಬೆನ್ನು ನೋಡಿದರೆ ಅವಳಿಗೆ ಏನೂ ಆದಂತಿರಲಿಲ್ಲ.

ಅಂದು ಬಂದಿದ್ದ ಹಿರಿಯನೇ ಅಲ್ಲಿದ್ದ. ಹೊರಗೆ ಬಂದು ಗಾಡಿ ನೋಡಿದ.

"ಇದು ನಮ್ಮ ಫ್ರಿಜ್ರೀ ಸರ" ಅಂದಳು ಅವ್ವ. "ಆಪಾನ ಹೆಸರಿಗಿ ಹಚ್ಚೀರಿ. ತಗದು ನಮ್ಮ ಹೆಸರಿಗಿ ಹಚ್ರಿ. ಆಕಿ ಕಾರ್ಡು ಆಕಿಗಿ ಕೊಡ್ರಿ."

ಅವನು ಅವ್ವನ ಮುಖವನ್ನು ಬಹಳ ಹೊತ್ತು ನೋಡಿದ. ಸೂಪರ್ ಮಾರ್ಕೆಟ್ಟಿನಲ್ಲಿ ನಮ್ಮ ಬ್ಯಾಗು ನೋಡುವಾಗಿನ ನೋಟವೇ ಅದು, ನನಗೆ ಚೆನ್ನಾಗಿ ಗೊತ್ತು. "ಯಾರು ಕಳಿಸ್ಯಾರ ನಿನಗ?"

"ಯಾರೂ ಕಳಿಸಿಲ್ರಿ."

"ಈ ಮುದುಕಿ ಏನು ಕೊಡ್ತೀನಂದಾಳ?"

"ಆಕಿ ಬಲ್ಲಿ ಏನದ್ರೀ ಕೊಡಾಕ?"

"ನೋಡಮ್ಮ, ನಾ ಬಡವಿ ಅಂತ ಅತ್ಕೋತ ಬರೋರನ್ನ ದಿನಾ ನೋಡ್ತೀನಿ. ನನ್ನ ಮನ್ಯಾಗ ಫ್ರಿಜ್ ಅದ ಅಂತ ಹೇಳಾಕ ಬಂದವರನ್ನ ಇವತ್ತೇ ನೋಡಾಕತ್ತೀನಿ. ಇದರಾಗ ಏನೋ ಅದ."

ಏನೋ ಇದೆ ಎಂದೇ ಅವನು ಬಾಗಿಲು ತೆಗೆಸಿದ. ಗಂಟು ಬಿಚ್ಚಿಸಿದ. ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ಕೆಳಗೆ ನೋಡಿದ. ಹಿಂದಿನ ತಂತಿ ತುಂಡಾಗಿ ನೇತಾಡುತ್ತಿದ್ದುದನ್ನು ಹಿಡಿದು ಎಳೆದ. ಯಾಕೆ ಇಟ್ಟುಕೊಂಡೀರಿ ಎಂದು ಕೇಳಿದ್ದಕ್ಕೆ ಅವ್ವ ಇಲಿಯ ಕಥೆ ಹೇಳಿದಳು. ಒಳಗಿದ್ದ ಕ್ಲರ್ಕ್ ಕಿಸಕ್ಕೆಂದು ನಕ್ಕ. ಹಿರಿಯನಿಗೂ ನಗು ಬಂದಿರಬೇಕು, ತಡೆದುಕೊಂಡ. "ಓಡದಿದ್ದರ ಅದು ಫ್ರಿಜ್ ಹೆಂಗಾಗ್ತದ? ಒಯ್ಯಿರಿ. ನಿಮ್ಮ ಕಾರ್ಡಿಗಿ ಏನೂ ಆಗಂಗಿಲ್ಲ."

"ಆಪಾಂದು?"

"ಕೂಲರ್ ಅದ, ವಾಷಿಂಗ್ ಮಷೀನ್ ಅದ. ಅವು ಓಡ್ತಾವಲ್ಲ. ಯಾರವು ಅಂತ ಹೇಳ್ರಿ, ಈಗಿಂದೀಗ ಈಕಿ ಕಾರ್ಡು ಚಾಲೂ ಮಾಡ್ತೀನಿ. ಇಲ್ಲಂದ್ರ ನನ್ನ ಕೈಯಾಗಿಲ್ಲ."

ಅವ್ವ ಬಿಚ್ಚಿದ ರೊಟ್ಟಿಯ ಗಂಟನ್ನು ಮತ್ತೆ ಕಟ್ಟತೊಡಗಿದಳು. ತನ್ನದನ್ನು ತಾನು ಹೇಳಬಹುದು, ಇನ್ನೊಬ್ಬರದನ್ನು ಹೇಳುವುದು ಅವಳ ಬಾಯಲ್ಲಿ ಬರುವಂಥದ್ದಲ್ಲ. ಖಾಲಾ ನನ್ನ ಕೈ ಹಿಡಿದಿದ್ದಳು. ನನ್ನ ಮುಖ ನೋಡಿದಳೋ ಏನೋ, ಬೆರಳುಗಳನ್ನು ಬಿಗಿ ಮಾಡಿದಳು. "ಬ್ಯಾಡ ಬೇಟಾ" ಎಂದಳು, ಮೆಲ್ಲಗೆ.

ಆ ಬೆರಳುಗಳಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. ನಾನು ಹೇಳಿದೆ. ಕೂಲರ್ ಶರಣಪ್ಪನದು, ಮಷೀನು ಕಸ್ತೂರಿಬಾಯಿಯದು. ಮನೆ ಯಾವುದೆಂದೂ ಹೇಳಿದೆ. ಖಾಲಾ ಕೈ ಬಿಟ್ಟಳು. ನಮಗಾಗಿ ಕಾಯದೆ ಒಬ್ಬಳೇ ಗೋಡೆ ಹಿಡಿದುಕೊಂಡು ಹೊರಟುಹೋದಳು.

ಆ ಮನುಷ್ಯ ಮಾತು ತಪ್ಪಲಿಲ್ಲ. ಮಾತು ಉಳಿಸಿಕೊಳ್ಳುವುದಿಲ್ಲವೆಂದು ಅವನನ್ನು ಅನುಮಾನಿಸಿದ್ದಕ್ಕೆ ನನಗೆ ಬೇಸರವೇನೂ ಆಗಲಿಲ್ಲ. ಖಾಲಾಳ ಹೆಸರು ಮತ್ತೆ ಯಂತ್ರದಲ್ಲಿ ಬಂತು. ಕಸ್ತೂರಿಬಾಯಿ ಬಿಚ್ಚದ ಡಬ್ಬ ತೋರಿಸಿ, ಮಗಳ ಲಗ್ನಪತ್ರಿಕೆ ತೋರಿಸಿ ಹೇಗೋ ಪಾರಾದಳು. ಶರಣಪ್ಪನ ಕಾರ್ಡು ಹೋಯಿತು. ಅವನೂ ಬಡವನೇ. ಕೂಸಿಗಾಗಿ ಒಂದು ಕೂಲರ್ ತಂದದ್ದು ಬಿಟ್ಟರೆ ಅವನ ಮನೆಯಲ್ಲೂ ಹೇಳಿಕೊಳ್ಳುವಂಥದ್ದು ಇರಲಿಲ್ಲ. "ತಮ್ಮದು ಉಳಿಸಿಕೊಂಡು ನಮ್ಮದು ಕೊಟ್ಟು ಬಂದ್ರು. ಮೊದಲೇ ಮಾತಾಗಿತ್ತು" ಎಂದು ಅವನು ಓಣಿಯ ಮುಂದೆ ಅಂದ. ಓಣಿ ನಂಬಿತು. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ನಂಬುತ್ತಿದ್ದೆ. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಅವ್ವನನ್ನು ಕೇಳಿದರೆ ಇವತ್ತಿಗೂ ಉತ್ತರ ಕೊಡುವುದಿಲ್ಲ. ಮತ್ತೆ ಅಂಥ ದಿನ ಬಂದರೆ ನಾನು ಮತ್ತೆ ಹೇಳುತ್ತೇನೆ, ಅಷ್ಟು ಮಾತ್ರ ಗೊತ್ತು.

ಮಳೆ ಹಿಡಿಯುವ ಮುಂಚೆ ಒಬ್ಬೊಬ್ಬರೇ ಬಂದು ಖಾಲಾಳ ಪೆಟ್ಟಿಗೆಯಿಂದ ತಮ್ಮ ತಮ್ಮ ಸಾಮಾನು ತೆಗೆದುಕೊಂಡು ಹೋದರು. ಜಗಳ ಮಾಡಿ ಅಲ್ಲ, ಸುಮ್ಮನೆ ಏನೋ ನೆಪ ಹೇಳಿ. ಊರಿಗೆ ಹೋಗುವವರು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತತೊಡಗಿದರು. ಖಾಲಾ ಹೆಸರು ಹೇಳಿರಲಿಲ್ಲ, ಹೇಳಿದವಳು ನಾನು ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಹೆಸರು ಹೊರಬಿದ್ದದ್ದು ಆ ಮನೆಯಿಂದ ತಾನೇ ಎಂದು ಅವರ ಲೆಕ್ಕ.

ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಅಂಗಡಿಯಲ್ಲಿ ಕೇಳಿ ತಂದ ಸೀರೆ ತುಂಡುಗಳ ಒಂದು ಗಂಟು ಹಿಡಿದು ಅವಳ ಮನೆಗೆ ಹೋದೆ. ಕೌದಿಗೆ ಆಗುತ್ತದೆ ಎಂಬ ನೆಪ, ಮಾತಾಡಿಸಬೇಕು ಎಂಬ ಆಸೆ. ಖಾಲಾ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಕೆನ್ನೆ ಸ್ವಲ್ಪ ತುಂಬಿಕೊಂಡಿತ್ತು. ನನಗೆ ಸಮಾಧಾನವಾಯಿತು.

"ಚಾವಲ್ ಬಂತು ಬೇಟಾ" ಎಂದಳು, ಮೊರದಿಂದ ಕಣ್ಣೆತ್ತದೆ. "ಮಂದಿ ಬರೂದು ನಿಂತುಹೋಯ್ತು."

ನಾನು ಬಗ್ಗಿ, ಗಂಟನ್ನು ಅವಳ ಪಕ್ಕ ಹೊಸ್ತಿಲ ಒಳಗೆ ಇಡಲು ಹೋದೆ.

"ಇಲ್ಲಿ ಏನೂ ಇಡಬ್ಯಾಡ" ಎಂದಳು ಖಾಲಾ.